ತಿದ್ದಿ ಮರಳಿಸಿದ ಕಾಗದ: ಹೊಳೆಸಾಲಿನ ಇಂಗ್ಲಿಷ್ ಬರವಣಿಗೆಯ ಒಂದು ಚರಿತ್ರೆ

ಸಿಂಗಟಾಲೂರಿನ ದಂಡೆಯಲ್ಲಿ ನಿಂತು ತುಂಗಭದ್ರೆಯ ಆಚೆ ನೋಡಿದರೆ ಕಾಣುವುದು ಹೂವಿನಹಡಗಲಿ ಸೀಮೆ. ಈಗ ಅದು ವಿಜಯನಗರ ಜಿಲ್ಲೆ. 1953ರವರೆಗೆ ಆ ದಂಡೆ ಮದ್ರಾಸಿಗೆ ಸೇರಿದ್ದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಈ ದಂಡೆ ಮುಂಬಯಿಗೆ ಸೇರಿದ ಧಾರವಾಡ ಜಿಲ್ಲೆಯಲ್ಲಿತ್ತು. ಇನ್ನೊಂದು ಕಡೆ ಕೊಪ್ಪಳ, ಅದು ನಿಜಾಮನ ರಾಜ್ಯ. ಮೂರು ಸೀಮೆಯವರೂ ಸಂತೆಯಲ್ಲಿ ಕನ್ನಡವನ್ನೇ ಆಡುತ್ತಿದ್ದರು, ವೀರಭದ್ರೇಶ್ವರನ ಜಾತ್ರೆಗೆ ಬಂದು ಕನ್ನಡದಲ್ಲೇ ಹರಕೆ ಹೊರುತ್ತಿದ್ದರು. ಕಚೇರಿಯ ಮೆಟ್ಟಿಲು ಹತ್ತಿದರೆ ಮಾತ್ರ ಒಬ್ಬೊಬ್ಬರ ಕಾಗದ ಒಂದೊಂದು ಭಾಷೆಗೆ ತಿರುಗುತ್ತಿತ್ತು. ಕೊಪ್ಪಳದವನಿಗೆ ಉರ್ದು. ಹಡಗಲಿಯವನಿಗೆ ಮದ್ರಾಸಿನ ಇಂಗ್ಲಿಷ್. ಮುಂಡರಗಿಯವನಿಗೆ ಮೊದಲು ಮೋಡಿ ಲಿಪಿಯ ಮರಾಠಿ, ಆಮೇಲೆ ಮುಂಬಯಿಯ ಇಂಗ್ಲಿಷ್.

ಈ ಸೀಮೆಯ ಪದವಿ ಕಾಲೇಜುಗಳಲ್ಲಿ ಇಂಗ್ಲಿಷ್ ವ್ಯವಹಾರ ಬರವಣಿಗೆಯನ್ನು ಹೇಗೆ ಕಲಿಸುತ್ತಾರೆ ಎಂಬುದು ನನ್ನ ಸಂಶೋಧನೆಯ ವಿಷಯ. ಅದರಲ್ಲೂ ತರಗತಿಯ ಪಾಠ ಅರ್ಧ, ಮೊಬೈಲಿನ ಪಾಠ ಅರ್ಧ ಎಂಬ ಬೆರಕೆ ಪದ್ಧತಿ. ಬ್ಲೆಂಡೆಡ್ ಲರ್ನಿಂಗ್ ಎಂದು ಅದಕ್ಕೆ ಹೆಸರು. ಅದನ್ನು 2020ರ ನಂತರ ಹುಟ್ಟಿದ ಹೊಸ ಕೂಸು ಎಂಬಂತೆ ಬರೆಯುವುದು ನಮ್ಮ ವಿದ್ವತ್ ಲೇಖನಗಳಲ್ಲಿ ರೂಢಿಯಾಗಿದೆ. ಹಿಂದಕ್ಕೆ ಹೋಗಿ ನೋಡಿದರೆ ಬೇರೆಯೇ ಕಾಣುತ್ತದೆ. ದೂರದಿಂದ ಬರುವ ಪಾಠ, ಹತ್ತಿರದಲ್ಲಿ ಕೂತು ತಿದ್ದುವ ಮನುಷ್ಯ ಎಂಬ ಜೋಡಿ ಬಹಳ ಹಳೆಯದು. ಪ್ರತಿ ಕಾಲದಲ್ಲೂ ಪಾಠ ಸಾಗಿಸುವ ಗಾಡಿ ಬದಲಾಯಿತು. ಪ್ರತಿ ಸಲವೂ ಮೊದಲು ಕೈಬಿಟ್ಟದ್ದು ಒಂದನ್ನೇ: ತಿದ್ದಿ ಮರಳಿಸುವ ಕೆಲಸವನ್ನು.

ವ್ಯವಹಾರದ ಬರಹ ಈ ನೆಲಕ್ಕೆ ಹೊಸದಲ್ಲ. ಮುಂಡರಗಿಯ ಪಕ್ಕದ ಡಂಬಳದಲ್ಲಿ ಹದಿನಾರು ಸೆಟ್ಟಿಗಳು ಬೌದ್ಧ ದೇವತೆ ತಾರೆಗೆ ಗುಡಿ ಕಟ್ಟಿಸಿ ದತ್ತಿ ಬಿಟ್ಟಿದ್ದನ್ನು 1095ರ ಶಾಸನ ಹೇಳುತ್ತದೆ. ಯಾರು ಕೊಟ್ಟರು, ಏನು ಕೊಟ್ಟರು, ಯಾರಿಗೆ, ಮುರಿದವರಿಗೆ ಏನಾಗುತ್ತದೆ: ಒಂದು ಒಳ್ಳೆಯ ಕರಾರು ಪತ್ರಕ್ಕೆ ಬೇಕಾದದ್ದನ್ನೆಲ್ಲ ನಮ್ಮ ದಾನಶಾಸನಗಳು ಕಲ್ಲಿನ ಮೇಲೆ ಹೇಳಿಕೊಂಡೇ ಬಂದಿವೆ.

ಪೇಶ್ವೆಯವರ ಆಡಳಿತದಲ್ಲಿ ಲೆಕ್ಕಪತ್ರ ಮರಾಠಿಗೆ ಹೋಯಿತು. 1818ರಲ್ಲಿ ಕಂಪನಿ ಸರ್ಕಾರ ಬಂದ ಮೇಲೂ ಬಹಳ ವರ್ಷ ಕಚೇರಿಯಲ್ಲಿ ಮೋಡಿಯೇ ನಡೆಯಿತು, ಕನ್ನಡ ನಿಧಾನಕ್ಕೆ ಒಳಗೆ ಬಂತು. ಮೋಡಿಯನ್ನು ಶಾಲೆಯಲ್ಲಿ ಕಲಿತವರಿಗಿಂತ ದಫ್ತರದ ಮುಂದೆ ಕೂತು ಕಲಿತವರೇ ಹೆಚ್ಚು. ಕುಲಕರ್ಣಿಯ ಮಗ ಅಪ್ಪನ ಪಕ್ಕ ಕೂರುತ್ತಾನೆ, ನಕಲು ಮಾಡುತ್ತಾನೆ, ಅಪ್ಪ ಗೀಟು ಹೊಡೆಯುತ್ತಾನೆ, ಮತ್ತೆ ನಕಲು ಮಾಡುತ್ತಾನೆ. ನಾವು ಇಂದಿಗೂ ಬಳಸುವ ಅರ್ಜಿ, ನಕಲು, ಉತಾರ, ದಫ್ತರ, ಹುಕುಂ ಎಲ್ಲ ಆ ಕಟ್ಟೆಯ ಮೇಲೆ ಕೂತು ಬಂದ ಶಬ್ದಗಳು. ಇಲ್ಲಿ ಪಠ್ಯಕ್ರಮ ಎಂಬುದಿರಲಿಲ್ಲ, ತಿದ್ದುವವನು ಇದ್ದ. ಆದರೆ ಆ ಕಟ್ಟೆ ಹುಟ್ಟಿನಿಂದ ಬಂದದ್ದು, ಬೇರೆ ಜಾತಿಯ ಹುಡುಗ ಅಲ್ಲಿ ಕೂರುವಂತಿರಲಿಲ್ಲ. ಹುಡುಗಿಯರ ಮಾತಂತೂ ಇಲ್ಲವೇ ಇಲ್ಲ. ಹಳೆಯ ಪದ್ಧತಿಯನ್ನು ಹೊಗಳುವಾಗ ಇದನ್ನು ಮರೆಯುವವರು ನಮ್ಮಲ್ಲಿ ಬಹಳ ಜನ.

ಕನ್ನಡದಲ್ಲಿ ‘ಬಿನ್ನಹ’ ಎಂಬ ಮಾತಿತ್ತು, ಆಮೇಲೆ ‘ಅರ್ಜಿ’ ಬಂತು. ಎರಡರ ನಿಲುವೂ ಒಂದೇ: ಕೆಳಗೆ ನಿಂತವನು ಮೇಲಿರುವವನಿಗೆ ಹೇಳಿಕೊಳ್ಳುವುದು. ಕಂಪನಿಯ ಇಂಗ್ಲಿಷ್ ಪತ್ರಕ್ಕೂ ಅದೇ ನಿಲುವಿತ್ತು. ಆ ಕಾಲದ ಇಂಗ್ಲಿಷ್ ಅಧಿಕಾರಿ ತನ್ನ ಮೇಲಿನವನಿಗೆ ಬರೆಯುವಾಗಲೂ ‘ನಿಮ್ಮ ಅತಿ ವಿಧೇಯ ಸೇವಕ’ ಎಂದೇ ರುಜು ಹಾಕುತ್ತಿದ್ದ. ಆ ಬಾಗಿದ ಬೆನ್ನು ನಮ್ಮ ಅರ್ಜಿಯ ಬಾಗಿದ ಬೆನ್ನಿಗೆ ಹೊಂದಿಕೊಂಡುಬಿಟ್ಟಿತು. ‘ಈ ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ’ ಎಂದು ನಾವು ಬರೆಯುತ್ತೇವಲ್ಲ, ಅದರ ಅಕ್ಕಪಕ್ಕ ‘ವಿತ್ ರೆಫರೆನ್ಸ್ ಟು ದಿ ಅಬೋವ್ ಸಬ್ಜೆಕ್ಟ್, ಐ ಬೆಗ್ ಟು ಸ್ಟೇಟ್’ ಎಂಬುದನ್ನು ಇಟ್ಟು ನೋಡಿ. ಯಾವುದು ಯಾವುದರ ಅನುವಾದ ಎಂದು ಹೇಳಲಾಗದಷ್ಟು ಎರಡೂ ಒಂದರೊಳಗೊಂದು ಬೆರೆತಿವೆ.

ವ್ಯಾಪಾರದ ಇಂಗ್ಲಿಷ್ ಈ ಸೀಮೆಗೆ ಹತ್ತಿಯ ಜೊತೆ ಬಂತು. ಅಮೆರಿಕದ ತಳಿಯ ಹತ್ತಿಯನ್ನು ಧಾರವಾಡ ಜಿಲ್ಲೆಯಲ್ಲಿ 1840ರ ದಶಕದಲ್ಲಿ ಬೆಳೆಸಲು ಸರ್ಕಾರ ಮುಂದಾಯಿತು. ‘ಧಾರವಾಡ ಅಮೆರಿಕನ್’ ಎಂಬ ಹೆಸರೇ ಬಿತ್ತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಅಲ್ಲಿನ ಹತ್ತಿ ನಿಂತುಹೋಗಿ, ಲಂಕಾಶೈರಿನ ಗಿರಣಿಗಳ ಕಣ್ಣು ನಮ್ಮ ಎರೆ ಹೊಲದ ಮೇಲೆ ಬಿತ್ತು. ಬೆಲೆ ಏರಿತು, ಬೆಲೆಯ ಜೊತೆ ಕಲಬೆರಕೆಯೂ ಏರಿತು. 1863ರಲ್ಲಿ ಮುಂಬಯಿ ಸರ್ಕಾರ ಹತ್ತಿಯ ಮೋಸ ತಡೆಯುವುದಕ್ಕೆಂದೇ ಒಂದು ಕಾಯ್ದೆ ಮಾಡಬೇಕಾಯಿತು. ಕಾಯ್ದೆ ಬಂತೆಂದರೆ ತಪಾಸಣೆ, ತಪಾಸಣೆಗೊಂದು ಕಾಗದ. 1884ರಲ್ಲಿ ಗದಗಿಗೆ ರೈಲು ಬಂದ ಮೇಲೆ ಅಡತಿ ಅಂಗಡಿಯ ಮೇಜಿಗೆ ಮುಂಬಯಿಯ ಪತ್ರಗಳು ದಿನವೂ ಬರತೊಡಗಿದವು.

ಆ ಕಾಲದ ವ್ಯಾಪಾರಿ ಇಂಗ್ಲಿಷನ್ನು ಇಂದು ಓದಿದರೆ ನಗು ಬರುತ್ತದೆ. ಈ ತಿಂಗಳು ಎನ್ನಲು ‘ಇನ್‌ಸ್ಟಂಟ್’, ಹೋದ ತಿಂಗಳು ಎನ್ನಲು ‘ಅಲ್ಟಿಮೊ’, ಬರುವ ತಿಂಗಳು ಎನ್ನಲು ‘ಪ್ರಾಕ್ಸಿಮೊ’. ಪತ್ರ ತಲುಪಿತು ಎನ್ನಬೇಕಾದಲ್ಲಿ ‘ನಿಮ್ಮ ಕೃಪೆ ಕೈಸೇರಿದೆ’. ನಗುವ ಮೊದಲು ನಮ್ಮ ಹಳೆಯ ಅಂಗಡಿ ಪತ್ರಗಳ ‘ಉಭಯ ಕುಶಲೋಪರಿ’ಯನ್ನೂ ನೆನೆಯಬೇಕು. ಮೊದಲ ಸಾಲು ಕ್ಷೇಮಕ್ಕೆ, ಎರಡನೆಯದು ನಿಮ್ಮ ಪತ್ರ ತಲುಪಿದ್ದಕ್ಕೆ, ಮೂರನೆಯದರಲ್ಲಿ ವಿಷಯ. ಗದಗಿನ ಗುಮಾಸ್ತನಿಗೆ ಇಂಗ್ಲಿಷ್ ಪತ್ರದ ಆಕಾರ ಕಷ್ಟವಾಗಿರಲಾರದು ಎಂದೇ ನನ್ನ ಊಹೆ. ಭಾಷೆ ಹೊಸದು, ಅಚ್ಚು ಪರಿಚಿತ.

ಕಾಲೇಜುಗಳು ಈ ಕಡೆ ತಡವಾಗಿ ನೋಡಿದವು. ವಾಣಿಜ್ಯಕ್ಕೆಂದೇ ಮುಂಬಯಿಯಲ್ಲಿ ಸಿಡನ್‌ಹ್ಯಾಮ್ ಕಾಲೇಜು ಶುರುವಾದದ್ದು 1913ರಲ್ಲಿ. ನಮ್ಮ ಸೀಮೆಯ ಹುಡುಗರಿಗೆ ಹತ್ತಿರದಲ್ಲಿ, ಹುಬ್ಬಳ್ಳಿಯಲ್ಲಿ, ಕೆ.ಎಲ್.ಇ. ಸಂಸ್ಥೆಯ ವಾಣಿಜ್ಯ ಕಾಲೇಜು ಬಂದದ್ದು 1947ರಲ್ಲಿ. ಅಷ್ಟರೊಳಗೆ ಬೇರೊಂದು ಶಾಲೆ ಪೇಟೆಯ ಮಾಳಿಗೆಗಳ ಮೇಲೆ ಬೇರೂರಿತ್ತು. ಅದೇ ಟೈಪಿಂಗ್ ಇನ್‌ಸ್ಟಿಟ್ಯೂಟು. ಅದರ ಬಗ್ಗೆ ತುಸು ನಿಂತು ಬರೆಯಬೇಕು, ಏಕೆಂದರೆ ಅದರ ಬಗ್ಗೆ ನಮ್ಮ ಶಿಕ್ಷಣದ ಇತಿಹಾಸಕಾರರು ಬರೆದದ್ದು ಬಹಳ ಕಡಿಮೆ.

ಅದರ ಬೇರು ಇಂಗ್ಲೆಂಡಿನಲ್ಲಿದೆ. 1837ರಲ್ಲಿ ಐಸಾಕ್ ಪಿಟ್‌ಮನ್ ಎಂಬ ಮೇಷ್ಟ್ರು ಶೀಘ್ರಲಿಪಿಯ ಪದ್ಧತಿಯೊಂದನ್ನು ಪ್ರಕಟಿಸಿದ. 1840ರಲ್ಲಿ ಬ್ರಿಟನ್ನಿನಲ್ಲಿ ಎಲ್ಲಿಗಾದರೂ ಒಂದು ಪೆನ್ನಿಗೆ ಕಾಗದ ಕಳಿಸಬಹುದೆಂದಾಯಿತು. ಪಿಟ್‌ಮನ್ ತನ್ನ ಲಿಪಿಯ ಸೂತ್ರಗಳನ್ನು ಒಂದು ಹಾಳೆಗೆ ಇಳಿಸಿ ಅಂಚೆಯಲ್ಲಿ ಕಳಿಸತೊಡಗಿದ. ಕಲಿಯುವವರು ಬೈಬಲ್ಲಿನ ಭಾಗಗಳನ್ನು ಶೀಘ್ರಲಿಪಿಗೆ ಇಳಿಸಿ ವಾಪಸು ಕಳಿಸಬೇಕು, ಅದು ತಿದ್ದುಪಡಿಯಾಗಿ ಮತ್ತೆ ಅವರ ಕೈಸೇರುತ್ತಿತ್ತು. ಅಂಚೆಯಲ್ಲಿ ಪಾಠ ಕಳಿಸುವೆನೆಂದು ಜಾಹೀರಾತು ಕೊಟ್ಟವರು ಪಿಟ್‌ಮನ್‌ಗಿಂತ ಮೊದಲೂ ಇದ್ದರು. ಆದರೆ ಶಿಕ್ಷಣದ ಚರಿತ್ರೆ ಪಿಟ್‌ಮನ್‌ನ ಹೆಸರು ಎತ್ತುವುದು ಕಾಗದ ಹೋದದ್ದಕ್ಕಲ್ಲ, ಮರಳಿ ಬಂದದ್ದಕ್ಕೆ.

ಭಾರತದಲ್ಲಿ 1854ರಲ್ಲಿ ಅಂಚೆಯ ಅರ್ಧಾಣೆ ದರ ಬಂತು, 1879ರಲ್ಲಿ ಕಾಲಾಣೆಯ ಕಾರ್ಡು. ಪಿಟ್‌ಮನ್‌ನ ಶೀಘ್ರಲಿಪಿಯೂ ಕಚೇರಿಗಳ ದಾರಿ ಹಿಡಿದು ನಮ್ಮ ಊರುಗಳಿಗೆ ಬಂತು. ಅದರ ಜೊತೆಗೆ ಬೆರಳಚ್ಚು ಯಂತ್ರ. ರೆಮಿಂಗ್ಟನ್ ಮೊದಲು, 1955ರಿಂದ ನಮ್ಮದೇ ಗೋದ್ರೆಜ್. ಗದಗ, ಹುಬ್ಬಳ್ಳಿ, ಹೊಸಪೇಟೆ ಯಾವುದೇ ಊರಿನಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರದ ಮಾಳಿಗೆಯಿಂದ ಬೆಳಗಿನ ಆರೂವರೆಗೇ ಖಟಖಟ ಕೇಳುತ್ತಿದ್ದ ಕಾಲವೊಂದಿತ್ತು. ಎಸ್.ಎಸ್.ಎಲ್.ಸಿ. ಮುಗಿದವರು, ಪಿ.ಯು.ಸಿ. ಫೇಲಾದವರು, ನೌಕರಿಗೆ ಕಾದವರು, ಮದುವೆಗೆ ಮುಂಚೆ ಒಂದು ಸರ್ಟಿಫಿಕೇಟಿರಲಿ ಎಂದು ಮನೆಯವರು ಕಳಿಸಿದ ಹುಡುಗಿಯರು. ದಫ್ತರದ ಕಟ್ಟೆ ಹತ್ತಲಾಗದವರ ಮಕ್ಕಳಿಗೆ ಈ ಮಾಳಿಗೆ ಏಣಿ ಇಟ್ಟಿತು. ತಿಂಗಳ ಫೀ ಕೊಟ್ಟರೆ ಸಾಕು, ಜಾತಿ ಕೇಳುವವರಿಲ್ಲ.

ಅಲ್ಲಿ ಕಲಿಸುತ್ತಿದ್ದದ್ದು ಬೆರಳಿನ ಕೆಲಸ ಎಂದು ನಾವು ತಿಳಿದಿದ್ದೇವೆ. ಆದರೆ ವೇಗದ ಪಾಠ ದಾಟಿದವರು ವ್ಯಾಪಾರಿ ಪತ್ರ ಅಚ್ಚಿಸಲೇಬೇಕಿತ್ತು: ವಿಳಾಸ ಎಲ್ಲಿ, ದಿನಾಂಕ ಎಲ್ಲಿ, ಒಕ್ಕಣೆ ಎಷ್ಟು ಬಿಟ್ಟು ಶುರು, ಅಡಕ ಎಂದು ಎಲ್ಲಿ ಬರೆಯಬೇಕು. ‘ಡಿಯರ್ ಸರ್ಸ್’ ಎಂದು ಶುರುವಾದ ಪತ್ರ ‘ಯುವರ್ಸ್ ಫೇತ್‌ಫುಲಿ’ ಎಂದು ಮುಗಿಯಬೇಕೇ ಹೊರತು ‘ಸಿನ್ಸಿಯರ್‌ಲಿ’ ಎಂದಲ್ಲ ಎಂಬುದನ್ನು ಬಿ.ಎ. ತರಗತಿಯಲ್ಲಿ ಷೇಕ್ಸ್‌ಪಿಯರ್ ಓದಿದವರಿಗಿಂತ ಮಾಳಿಗೆಯ ಹುಡುಗರು ಚೆನ್ನಾಗಿ ಬಲ್ಲರು. ಒಂದೇ ಪತ್ರವನ್ನು ಮೂರು, ನಾಲ್ಕು, ಹತ್ತು ಸಲ ಹೊಡೆಯಬೇಕು. ಪ್ರತಿ ಸಲ ಹಾಳೆ ಮೇಷ್ಟ್ರ ಮೇಜಿಗೆ ಹೋಗಬೇಕು, ಪ್ರತಿ ತಪ್ಪಿಗೂ ಕೆಂಪು ಸುತ್ತು ಬೀಳಬೇಕು. ಸುತ್ತು ಎಣಿಸಿಕೊಂಡು ಮತ್ತೆ ಯಂತ್ರದ ಮುಂದೆ ಕೂರಬೇಕು. ಸ್ವಂತ ಬರವಣಿಗೆ ಅಲ್ಲಿ ಇರಲಿಲ್ಲ ಎಂಬುದು ನಿಜ. ಮಾದರಿ ಪತ್ರದಲ್ಲಿ ಏನಿದೆಯೋ ಅದೇ. ಹೊಸ ಸಂದರ್ಭ ಬಂದರೆ ಆ ಹುಡುಗರಿಗೆ ಕೈ ನಡುಗುತ್ತಿತ್ತು. ಆದರೂ ಒಬ್ಬರ ಹಾಳೆಯನ್ನು ಇನ್ನೊಬ್ಬರು ಅಂದೇ ಓದಿ ಅಂದೇ ಮರಳಿಸುವ ಕ್ರಮ ಇಷ್ಟು ದೊಡ್ಡ ಪ್ರಮಾಣದಲ್ಲಿ, ಇಷ್ಟು ಕಡಿಮೆ ಖರ್ಚಿನಲ್ಲಿ ನಮ್ಮ ನಾಡಿನಲ್ಲಿ ಬೇರೆಲ್ಲಿ ನಡೆದಿದೆ? ನನಗೆ ಕಂಡಿಲ್ಲ.

ಇದೇ ಹೊತ್ತಿಗೆ ಅಮೆರಿಕದಲ್ಲಿ ಇನ್ನೊಂದು ದಾರಿ ತೆರೆದಿತ್ತು. 1918ರ ಸುಮಾರಿಗೆ ಶೆರ್ವಿನ್ ಕೋಡಿ ಎಂಬಾತ ಅಂಚೆಯಲ್ಲಿ ಇಂಗ್ಲಿಷ್ ಕಲಿಸುವ ಕೋರ್ಸೊಂದನ್ನು ಮಾರುಕಟ್ಟೆಗೆ ತಂದ. ಅದರ ಹೆಗ್ಗಳಿಕೆಯೇ ‘ನೂರಕ್ಕೆ ನೂರು ಸ್ವಯಂ ತಿದ್ದುಪಡಿ’. ಮೇಷ್ಟ್ರು ಬೇಡ, ಉತ್ತರ ಬರೆದು ಹಾಳೆ ಸರಿಸಿದರೆ ನಿನ್ನ ತಪ್ಪು ನಿನಗೇ ಕಾಣುತ್ತದೆ. ಅದರ ಜಾಹೀರಾತು ನಾಲ್ಕು ದಶಕ ಓಡಿತಂತೆ. ಇಂದು ಮೊಬೈಲಿನಲ್ಲಿ ಖಾಲಿ ಜಾಗ ತುಂಬಿದ ಕೂಡಲೇ ಹಸಿರು ಗುರುತು ಬೀಳುವುದನ್ನು ನೋಡಿದಾಗಲೆಲ್ಲ ನನಗೆ ಕೋಡಿಯ ನೆನಪಾಗುತ್ತದೆ. ಪಿಟ್‌ಮನ್‌ನದು ಒಂದು ವಂಶ, ಕೋಡಿಯದು ಇನ್ನೊಂದು. ನಮ್ಮ ಇಂದಿನ ಬೆರಕೆ ಕಲಿಕೆ ಬಾಯಲ್ಲಿ ಪಿಟ್‌ಮನ್ ಎನ್ನುತ್ತದೆ, ಖರ್ಚಿನ ಪಟ್ಟಿಯಲ್ಲಿ ಕೋಡಿಯನ್ನು ಆರಿಸುತ್ತದೆ.

1962ರಲ್ಲಿ ದೆಹಲಿ ವಿಶ್ವವಿದ್ಯಾಲಯ ಅಂಚೆ ಶಿಕ್ಷಣ ಆರಂಭಿಸಿತು. ದೇಶದಲ್ಲಿ ಅದೇ ಮೊದಲು. 1969ರಲ್ಲಿ ಮೈಸೂರು ವಿಶ್ವವಿದ್ಯಾಲಯ ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆ ತೆರೆಯಿತು. 1996ರಲ್ಲಿ ಅದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ‘ತೆರಪು’ ಎಂಬ ಆ ಶಬ್ದ ನನಗೆ ಬಹಳ ಇಷ್ಟ. ಬಿಡುವು ಎಂಬ ಅರ್ಥವೂ ಇದೆ, ನಡುವಿನ ಖಾಲಿ ಜಾಗ ಎಂಬುದೂ ಇದೆ. ಬೀಜ ಬಿತ್ತುವಾಗ ಸಾಲಿನ ನಡುವೆ ಬಿಡುವ ಹಾಗೆ. ಹಗಲು ನೌಕರಿ ಮಾಡುವ ಗುಮಾಸ್ತ, ಪ್ರಾಥಮಿಕ ಶಾಲೆಯ ಶಿಕ್ಷಕಿ, ಹೊಲ ಬಿಟ್ಟು ಬರಲಾಗದ ಹಿರಿಮಗ ಇವರಿಗೆಲ್ಲ ಪದವಿಯ ಬಾಗಿಲು ಆ ತೆರಪಿನಿಂದ ತೆರೆಯಿತು. ಪಾಠ ಅಚ್ಚಾಗಿ ಅಂಚೆಯಲ್ಲಿ ಬರುವುದು, ವರ್ಷಕ್ಕೆ ಕೆಲವು ದಿನ ಸಂಪರ್ಕ ತರಗತಿ, ನಡುವೆ ಬರೆದು ಕಳಿಸುವ ನಿಯೋಜಿತ ಕೆಲಸ. ಇದು ಬೆರಕೆ ಕಲಿಕೆಯಲ್ಲದೆ ಮತ್ತೇನು?

ಅಂಚೆ ಶಿಕ್ಷಣದ ಸಿದ್ಧಾಂತವನ್ನು ಯಾವ ದೇಶದಲ್ಲೇ ಬರೆದಿರಲಿ, ಅದರ ಹೃದಯ ಈ ಬರೆದು ಕಳಿಸುವ ಹಾಳೆಗಳಲ್ಲಿದೆ ಎಂದು ಎಲ್ಲರೂ ಒಪ್ಪುತ್ತಾರೆ. ಆದರೆ ವಿದ್ಯಾರ್ಥಿಗಳ ಸಂಖ್ಯೆ ಏರಿದಂತೆ ಮೊದಲು ಸೊರಗುವುದೂ ಅದೇ ಹೃದಯ. ಪಾಠವನ್ನು ಒಮ್ಮೆ ಬರೆದರೆ ಹತ್ತು ಸಾವಿರ ಪ್ರತಿ ಅಚ್ಚು ಹಾಕಬಹುದು. ಹತ್ತು ಸಾವಿರ ಉತ್ತರವನ್ನು ಹತ್ತು ಸಾವಿರ ಸಲವೇ ಓದಬೇಕು. ಅದಕ್ಕೆ ಅಚ್ಚುಕೂಟವಿಲ್ಲ.

ಆಮೇಲಿನ ಕತೆ ಆಕಾಶದ್ದು, ಬೇಗ ಹೇಳಿ ಮುಗಿಸುತ್ತೇನೆ. 1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ಪಾಠ ಬಂತು. ಕರ್ನಾಟಕದಲ್ಲಿ ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳು ಅದರಲ್ಲಿದ್ದವು, ಈ ದಂಡೆಯ ಧಾರವಾಡ ಜಿಲ್ಲೆ ಇರಲಿಲ್ಲ. 1984ರ ಆಗಸ್ಟ್ 15ರಿಂದ ಯು.ಜಿ.ಸಿ.ಯ ಕಾಲೇಜು ಪಾಠಗಳು ದೂರದರ್ಶನದಲ್ಲಿ ಬಂದವು. 2004ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಹಾರಿತು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಅದರ ಮೊದಲ ಪ್ರಯೋಗಗಳಲ್ಲಿ ಪಾಲು ಪಡೆಯಿತು. ವಿಜ್ಞಾನದ ಪಾಠಕ್ಕೆ, ಪ್ರಾತ್ಯಕ್ಷಿಕೆಗೆ ಇವು ದೊಡ್ಡ ನೆರವೇ. ಬರವಣಿಗೆಗೆ? ಆಕಾಶದಿಂದ ಬಂದ ಪಾಠಕ್ಕೆ ವಿದ್ಯಾರ್ಥಿಯ ಹಾಳೆಯನ್ನು ತಿದ್ದಿ ಮರಳಿಸುವ ದಾರಿ ಇರಲಿಲ್ಲ.

ನೆಲದ ಮೇಲೆ ಮಾತ್ರ ಬೇರೆ ಯೋಚನೆಗಳು ನಡೆಯುತ್ತಿದ್ದವು. ಬೆಂಗಳೂರಿನಲ್ಲಿ 1963ರಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾಗಿತ್ತು. ಇಂಗ್ಲಿಷ್ ಬೋಧನೆಯ ಲೋಕದಲ್ಲಿ ಎಲ್ಲೇ ಹೋದರೂ ‘ಬೆಂಗಳೂರು ಪ್ರಾಜೆಕ್ಟ್’ ಎಂದರೆ ಗುರುತಿಸುತ್ತಾರೆ. ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲಾ ತರಗತಿಗಳಲ್ಲಿ ನಡೆದ ಪ್ರಯೋಗ ಅದು. ವ್ಯಾಕರಣದ ಪಟ್ಟಿ ಬದಿಗಿಟ್ಟು, ರೈಲಿನ ವೇಳಾಪಟ್ಟಿ ಕೊಟ್ಟು ಈ ಊರಿಗೆ ಇಷ್ಟು ಹೊತ್ತಿಗೆ ಮುಟ್ಟಬೇಕಾದರೆ ಯಾವ ಗಾಡಿ ಹತ್ತಬೇಕು ಎಂದು ಮಕ್ಕಳನ್ನು ಕೇಳುವುದು, ನಕ್ಷೆ ಕೊಟ್ಟು ದಾರಿ ಹುಡುಕಿಸುವುದು. ಬಿಡಿಸಬೇಕಾದ ಕೆಲಸ ಸಿಕ್ಕರೆ ಭಾಷೆ ತಾನಾಗಿ ಕೂಡಿಕೊಳ್ಳುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಭಾಷೆಯ ತಪ್ಪುಗಳನ್ನು ಸಾಲಾಗಿ ತಿದ್ದುವುದನ್ನು ಅವರು ಒಪ್ಪುತ್ತಿರಲಿಲ್ಲ. ನನ್ನ ವಾದಕ್ಕೆ ಇದು ಎದುರಾಗಿ ನಿಲ್ಲುತ್ತದೆ ಎಂದು ಕೆಲವರು ಹೇಳಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಪ್ರಭು ಅವರ ತರಗತಿಯಲ್ಲಿ ಪ್ರತಿ ಮಗುವಿನ ಉತ್ತರಕ್ಕೂ ಅಂಕ ಬೀಳುತ್ತಿತ್ತು, ಕಾಗುಣಿತಕ್ಕಲ್ಲ, ಹೇಳಿದ್ದು ಸರಿಯೋ ಎಂಬುದಕ್ಕೆ. ಅಂದರೆ ಒಬ್ಬರು ಓದುತ್ತಿದ್ದರು, ಅರ್ಥಕ್ಕಾಗಿ ಓದುತ್ತಿದ್ದರು.

ಇಲ್ಲೊಂದು ಸಂಗತಿ ಹೇಳಿಬಿಡಬೇಕು. ಅದೇ ವರ್ಷಗಳಲ್ಲಿ ಕರ್ನಾಟಕ ಗೋಕಾಕ್ ವರದಿಗಾಗಿ ಬೀದಿಗಿಳಿದಿತ್ತು. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದು ವರದಿ ಕೊಟ್ಟ ವಿ.ಕೃ. ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರು, ಹೈದರಾಬಾದಿನ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್‌ನ ನಿರ್ದೇಶಕರಾಗಿದ್ದವರು. ಹುಟ್ಟಿದ್ದು ಸವಣೂರಿನಲ್ಲಿ, ನಮ್ಮ ಸೀಮೆಯ ನೆರೆಯಲ್ಲೇ. ಕನ್ನಡ ಗಟ್ಟಿಯಾದರೆ ಇಂಗ್ಲಿಷ್ ಸೊರಗುತ್ತದೆ ಎಂಬ ಲೆಕ್ಕವನ್ನು ಅವರ ಬದುಕು ಒಪ್ಪುವುದಿಲ್ಲ.

2020ರಲ್ಲಿ ಕೊರೋನಾ ಬಂತು, ಕಾಲೇಜುಗಳು ಮುಚ್ಚಿದವು. ಆ ವರ್ಷದ ಕೊನೆಗೆ ರಾಜ್ಯ ಸರ್ಕಾರ ಸುಮಾರು 430 ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನೂ ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳನ್ನೂ ಸೇರಿಸಿ ‘ಕರ್ನಾಟಕ ಎಲ್‌ಎಂಎಸ್’ ಎಂಬ ಕಲಿಕಾ ವ್ಯವಸ್ಥೆ ತಂದಿತು. 2021ರಲ್ಲಿ ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚುವ ಯೋಜನೆ ಬಂತು. ಅದೇ ವರ್ಷದ ಮೇ ತಿಂಗಳಲ್ಲಿ ಯು.ಜಿ.ಸಿ. ಒಂದು ಟಿಪ್ಪಣಿ ಹೊರಡಿಸಿ, ಪಠ್ಯದ ಶೇ. 40ರವರೆಗೆ ಆನ್‌ಲೈನಿನಲ್ಲಿ, ಉಳಿದದ್ದನ್ನು ತರಗತಿಯಲ್ಲಿ ಕಲಿಸಬಹುದೆಂದು ಹೇಳಿತು. ಬೆರಕೆ ಕಲಿಕೆಗೆ ಅಧಿಕೃತ ಮೊಹರು ಬಿತ್ತು.

ಈ 40 ಮತ್ತು 60ರ ಲೆಕ್ಕದಲ್ಲಿ ನನಗೆ ಬೇಕಾದ ಅಂಕಿ ಇಲ್ಲ. ಸರಳ ಗುಣಾಕಾರ ಮಾಡೋಣ. ಒಂದು ಬಿ.ಕಾಂ. ತರಗತಿಯಲ್ಲಿ 80 ಜನ ಎಂದುಕೊಳ್ಳಿ. ವಾರಕ್ಕೆ ಒಬ್ಬರು ಒಂದು ಪತ್ರ ಬರೆದರು. ಒಂದನ್ನು ಓದಿ ಎರಡು ಮಾತು ಬರೆಯಲು ಐದು ನಿಮಿಷ. ಒಟ್ಟು 400 ನಿಮಿಷ, ಆರು ಗಂಟೆ ನಲವತ್ತು ನಿಮಿಷ. ಒಂದು ತರಗತಿಗೆ, ಒಂದು ವಾರಕ್ಕೆ. ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಹೊತ್ತಿರುವವರು ಅತಿಥಿ ಉಪನ್ಯಾಸಕರು. ಅವರಿಗೆ ಪಾಠ ಮಾಡಿದ ಗಂಟೆಗಳ ಮೇಲೆ ಲೆಕ್ಕ, ಪತ್ರ ಓದಿದ ಗಂಟೆಗಳು ಯಾವ ಕಾಲಮ್ಮಿನಲ್ಲೂ ಬರುವುದಿಲ್ಲ. ಹಾಗಾಗಿ ಎಲ್ಲರೂ ಅಪ್‌ಲೋಡ್ ಮಾಡುತ್ತಾರೆ: ಪಿಪಿಟಿ, ವಿಡಿಯೊ, ಪ್ರಶ್ನೋತ್ತರ. ಹಸಿರು ಗುರುತು ಬೀಳುತ್ತದೆ. ಇದರಲ್ಲಿ ಉಪನ್ಯಾಸಕರ ಸೋಮಾರಿತನ ಹುಡುಕುವವರು ಒಮ್ಮೆ ಆ ಗುಣಾಕಾರ ಮಾಡಲಿ.

ತಿದ್ದುವುದರಿಂದ ಪ್ರಯೋಜನವೇ ಇಲ್ಲ ಎಂಬ ವಾದವೂ ಇದೆ. ಜಾನ್ ಟ್ರಸ್ಕಾಟ್ ಎಂಬ ವಿದ್ವಾಂಸ 1996ರಲ್ಲಿ, ಎರಡನೆಯ ಭಾಷೆಯ ಬರವಣಿಗೆಯಲ್ಲಿ ವ್ಯಾಕರಣ ತಿದ್ದುವುದನ್ನು ಬಿಟ್ಟೇಬಿಡಬೇಕು ಎಂದು ಬರೆದರು. ಡಾನಾ ಫೆರಿಸ್ ಮೊದಲಾದವರು ಅದಕ್ಕೆ ಉತ್ತರ ಕೊಟ್ಟರು. ಆ ಜಗಳ ಇಂದಿಗೂ ಪೂರ್ತಿ ಆರಿಲ್ಲ. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ವ್ಯಾಕರಣದ ಮಟ್ಟಿಗೆ ಆ ಜಗಳದ ಕಾವೇ ಇಳಿದಿದೆ. ಈಗ ವಿದ್ಯಾರ್ಥಿಯ ಮೊದಲ ಪ್ರತಿಯೇ ತಪ್ಪಿಲ್ಲದೆ ಬರಬಹುದು. ಕೆಂಪು ಶಾಯಿಗೆ ಕೆಲಸವೇ ಇಲ್ಲವೇ ಹಾಗಾದರೆ? ಕಳೆದ ವರ್ಷ ಮುಂಡರಗಿ ಸೀಮೆಯಲ್ಲಿ ಬಿ.ಕಾಂ. ಓದುವ ಕೆಲವರ ಜೊತೆ ಪತ್ರ ಬರೆಸುತ್ತಿದ್ದಾಗ ಈ ಪ್ರಶ್ನೆಗೆ ಉತ್ತರದಂಥದ್ದೊಂದು ಸಿಕ್ಕಿತು.

ನಮ್ಮ ಕ್ರಮ ಹೀಗಿತ್ತು. ಕಾಗದದ ಮೇಲೆ ಬರೆಯುವುದು, ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸುವುದು. ನಾನು ಗುರುತು ಹಾಕಿ ಮರಳಿಸುವುದು. ವಾರಕ್ಕೊಮ್ಮೆ ಎದುರುಬದುರು ಕೂತು ಎರಡನೆಯ ಪ್ರತಿ ಬರೆಯುವುದು. ಸಿಗ್ನಲ್ ಇಲ್ಲದ ದಿನ ಫೋಟೊ ರಾತ್ರಿ ಹನ್ನೊಂದಕ್ಕೆ ಬರುತ್ತಿತ್ತು, ಅಷ್ಟೆ. ಒಂದು ವಾರದ ವಿಷಯ ದೂರಿನ ಪತ್ರ. ಸಿಂಗಟಾಲೂರು ಕಡೆಯ ಹುಡುಗನೊಬ್ಬ ಮನೆಯದೇ ಸಂಗತಿ ತಂದಿದ್ದ. ಸೂರ್ಯಪಾನದ ಬೀಜ ತಂದು ಬಿತ್ತಿದ್ದಾರೆ, ಅರ್ಧಕ್ಕರ್ಧ ಹುಟ್ಟಿಲ್ಲ. ಬೀಜದ ಕಂಪನಿಗೆ ಇಂಗ್ಲಿಷಿನಲ್ಲಿ ಬರೆಯಬೇಕು.

ಅವನ ಮೊದಲ ಪ್ರತಿ ‘ರೆಸ್ಪೆಕ್ಟೆಡ್ ಸರ್’ ಎಂದು ಶುರುವಾಗಿತ್ತು. ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ ತಾನು ಬಡ ರೈತನ ಮಗ, ತಂದೆಗೆ ಸಾಲವಿದೆ, ಮಳೆ ಕೈಕೊಟ್ಟಿದೆ, ಬೀಜ ಸರಿಯಾಗಿ ಹುಟ್ಟಿಲ್ಲ, ಆದ್ದರಿಂದ ‘ಕೈಂಡ್ಲಿ ಡು ದಿ ನೀಡ್‌ಫುಲ್ ಆ್ಯಂಡ್ ಒಬ್ಲೈಜ್’. ಫೋನಿನ ವ್ಯಾಕರಣ ತಂತ್ರಾಂಶಕ್ಕೆ ಹಾಕಿ ನೋಡಿದೆವು. ಎರಡು ಕಾಮಾ ಸೇರಿಸಿತು, ಒಂದು ಕಾಗುಣಿತ ಸರಿಮಾಡಿತು, ಉಳಿದದ್ದು ಚೆನ್ನಾಗಿದೆ ಎಂದಿತು. ಅದರ ಲೆಕ್ಕದಲ್ಲಿ ಪತ್ರ ಸರಿಯಾಗಿತ್ತು.

“ನಿಮಗ ಏನ್ ಬೇಕು ಅವರಿಂದ?” ಅಂದೆ.

“ರೊಕ್ಕ ವಾಪಸ್ ಬೇಕ್ರಿ. ಇಲ್ಲಾಂದ್ರ ಹೊಸಾ ಬೀಜ.”

“ಅದು ಪತ್ರದಾಗ ಎಲ್ಲಿ ಐತಿ?”

ಅವನು ಹಾಳೆ ತಿರುವಿ ನೋಡಿದ. “ಹಂಗ ನೇರ ಹೆಂಗ ಬರೀಲಿ ಸರ್, ಅವ್ರು ದೊಡ್ಡವ್ರು.”

ಮಾತು ಮುಂದುವರಿದಂತೆ ಗೊತ್ತಾಯಿತು, ಈ ಹುಡುಗ ಅನುಭವಿ ಲೇಖಕ. ಓಣಿಯ ಅರ್ಜಿಗಳನ್ನೆಲ್ಲ ಬರೆಯುವವನು ಇವನೇ. ವೃದ್ಧಾಪ್ಯ ವೇತನ, ರೇಷನ್ ಕಾರ್ಡು, ಉತಾರದಲ್ಲಿ ಹೆಸರಿನ ತಿದ್ದುಪಡಿ. ಈ ಹೊಳೆಸಾಲಿನಲ್ಲಿ ಅರ್ಜಿ ಎಂಬುದು ಬದುಕಿನ ವಿದ್ಯೆ. ಹಮ್ಮಿಗಿಯ ಹತ್ತಿರ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು ಎದ್ದಾಗ ಹಿನ್ನೀರಿಗೆ ಸಿಕ್ಕ ಊರುಗಳವರು ಪರಿಹಾರಕ್ಕಾಗಿ, ನಿವೇಶನಕ್ಕಾಗಿ ಬರೆದ ಅರ್ಜಿಗಳಿಗೆ ಲೆಕ್ಕವಿಲ್ಲ. ಅಲ್ಲಿ ‘ನಾನು ಬಡವ’ ಎಂಬ ಮಾತಿಗೆ ಕೆಲಸವಿದೆ. ಸರ್ಕಾರ ಬಡವನಿಗೆ ಬಾಧ್ಯಸ್ಥ. ಅರ್ಜಿಯ ಆ ಒಕ್ಕಣೆಯನ್ನು ತಪ್ಪು ಎನ್ನಲು ನಾನು ಯಾರು? ಆದರೆ ಬೀಜದ ಕಂಪನಿಯ ಮುಂದೆ ಇವನು ಬಡವನಾಗಿ ನಿಂತಿಲ್ಲ, ರೊಕ್ಕ ಕೊಟ್ಟ ಗಿರಾಕಿಯಾಗಿ ನಿಂತಿದ್ದಾನೆ. ದಫ್ತರದ ಕಟ್ಟೆ, ಕಂಪನಿ ಸರ್ಕಾರದ ವಿಧೇಯ ಸೇವಕ, ಮಾಳಿಗೆಯ ಮಾದರಿ ಪತ್ರ, ಎಲ್ಲ ಸೇರಿ ಇನ್ನೂರು ವರ್ಷದಲ್ಲಿ ಬಾಗಿಸಿದ ಬೆನ್ನು ಆ ಪತ್ರದಲ್ಲಿತ್ತು. ಯಂತ್ರಕ್ಕೆ ಅದು ಕಾಣಲಿಲ್ಲ, ವಾಕ್ಯ ಸರಿಯಿತ್ತಲ್ಲ.

ಇಂಗ್ಲಿಷ್ ಹಾಳೆ ಬದಿಗಿಡಿಸಿ, ಬೀಜ ಮಾರಿದ ಅಂಗಡಿಯವನಿಗೆ ಬಾಯಲ್ಲಿ ಹೇಳುವಂತೆ ಕನ್ನಡದಲ್ಲಿ ಬರಿ ಎಂದೆ. ಐದು ಸಾಲು ಬಂತು. ಇಂಥ ದಿನ ತಂದೆವು, ಇಷ್ಟು ಚೀಲ, ಇಷ್ಟು ರೊಕ್ಕ. ಚೀಲದ ಮೇಲೆ ಇಷ್ಟು ಹುಟ್ಟುತ್ತದೆ ಎಂದು ಬರೆದಿದೆ, ಇಷ್ಟೇ ಹುಟ್ಟಿದೆ. ಬಂದು ನೋಡಿರಿ, ಇಲ್ಲದಿದ್ದರೆ ರೊಕ್ಕ ಕೊಡಿರಿ. ಡಂಬಳದ ಸೆಟ್ಟಿಗಳೂ ಮೆಚ್ಚುವಂಥ ಒಕ್ಕಣೆ. ಅದನ್ನೇ ಇಂಗ್ಲಿಷಿಗೆ ತಂದ. ವಾಕ್ಯಗಳು ಮೊದಲಿಗಿಂತ ಗಿಡ್ಡವಾದವು, ತಪ್ಪುಗಳು ಮೊದಲಿಗಿಂತ ಹೆಚ್ಚಾದವು. ಅವನ್ನು ತಿದ್ದಿದೆವು. ಲಾಟ್ ನಂಬರು ಎಲ್ಲಿ ಎಂದು ಗುರುತು ಹಾಕಿ ಮರಳಿಸಿದೆ, ಹೊಲದಿಂದ ಖಾಲಿ ಚೀಲದ ಫೋಟೊ ಕಳಿಸಿದ. ಎಷ್ಟು ದಿನದೊಳಗೆ ಉತ್ತರ ಬೇಕೆಂದು ಕೇಳಿದ್ದೀಯ ಎಂದು ಗುರುತು ಹಾಕಿದೆ, 15 ದಿನ ಎಂದು ಸೇರಿಸಿದ. ಮೂರನೆಯ ಪ್ರತಿಯಲ್ಲಿ ‘ಬಡ ರೈತನ ಮಗ’ ಇರಲಿಲ್ಲ. ಅದನ್ನು ತೆಗೆ ಎಂದು ನಾನು ಹೇಳಿರಲಿಲ್ಲ.

ಹಾಳೆ ಮಡಿಚುತ್ತ ಕೇಳಿದ, “ಸರ್, ಇದನ್ನ ಖರೇನ ಕಳಸ್ಲೇನ್ರಿ?”

“ಮತ್ತ? ಪಾವತಿಯ ಝೆರಾಕ್ಸ್ ಹಚ್ಚಿ ಕಳಸ್ರಿ.”

“ಪಾವತಿ ಅವ್ವನ ಟ್ರಂಕಿನಾಗ ಐತ್ರಿ. ಸಂಜೀಕ ತಗದು ಫೋಟೊ ಹಾಕ್ತೀನಿ, ಸರಿ ಐತೇನ್ ನೋಡ್ರಿ.”